ಜಡ್ಡು

"ಭಾಳ ಜಡ್ಡಾಗೈತ್ರಿ," ಎಂದ ಗದಿಗೆಪ್ಪ, ಸ್ಟೂಲಿನ ಮೇಲೆ ಕೈಕಟ್ಟಿ ಕೂತು. "ಏಳಾಕ ಮನಸ ಬರವಲ್ದು."

ಕ್ಯಾಪ್ಟನ್ ಡಾಕ್ಟರು ಪಂಜಾಬಿನವರು. ಸಿಪಾಯಿ ಗದಿಗೆಪ್ಪ ಬೆಳಗಾವಿ ಕಡೆಯವನು. ಕವಾಯತಿನ ಹಿಂದಿ ಬಲ್ಲ, ಕಾಯಿಲೆಯ ಹಿಂದಿ ಬಾರದು. ಹಾಗಾಗಿ ದಾಖಲೆ ಕೋಣೆಯಿಂದ ಗುಮಾಸ್ತ ಮೋನಪ್ಪನನ್ನು ಕರೆಸಿದ್ದರು. ಉಡುಪಿಯ ಬಂಧುಗಳೆಲ್ಲ ಹೋಟೆಲು ಹಿಡಿದರೆ ಇವನೊಬ್ಬ ಇಂಗ್ಲಿಷ್ ಕಲಿತು ಸಮುದ್ರದಂಚಿನ ಈ ಮಿಲಿಟರಿ ಆಸ್ಪತ್ರೆ ಸೇರಿದ್ದ. ಹಂಗಾಮಿ ನೌಕರಿ, ಆದರೆ ಗತ್ತೇನೂ ಹಂಗಾಮಿಯಲ್ಲ.

"ಪಲ್ಟನ್ ಜೋಡಿ ಕೊರಿಯಾಕ್ಕ ಹೋದಾಗ ಸುರು ಆತು," ಎಂದ ಗದಿಗೆಪ್ಪ. "ಈಗೂ ಮಧ್ಯಾಹ್ನ ಆತಂದ್ರ ಬರ್ಫ ಬೀಳತೈತಿ. ನನ್ನ ಮ್ಯಾಲ ಅಷ್ಟ."

ಹೊರಗೆ ಮೇ ತಿಂಗಳ ಸಮುದ್ರ ತಗಡಿನಂತೆ ಹೊಳೆಯುತ್ತಿತ್ತು. ಫ್ಯಾನು ತೂಕಡಿಸುತ್ತ ತಿರುಗುತ್ತಿತ್ತು. ಈ ಬೇಗೆಯಲ್ಲಿ ಬರ್ಫವಂತೆ, ಹಿಮವಂತೆ! ಮೋನಪ್ಪನಿಗೆ ನಗು ಬಂತು.

"ಕ್ಯಾ ಬೋಲ್ತಾ ಹೈ?" ಎಂದರು ಡಾಕ್ಟರು.

"ಲೇಜಿನೆಸ್, ಸರ್. ಏಳಲು ಮನಸ್ಸಿಲ್ಲವಂತೆ." ಬರ್ಫದ ಮಾತನ್ನು ಅವನು ಹೇಳಲೇ ಇಲ್ಲ.

ಜ್ವರವಿಲ್ಲ, ನಾಡಿ ಸರಿಯಿದೆ, ಬಾಯಿಬಿಟ್ಟು ಸೋಮಾರಿತನ ಎನ್ನುತ್ತಾನೆ. ಡಾಕ್ಟರು ನಿಟ್ಟುಸಿರುಬಿಟ್ಟು 'ಸೋಗು' ಎಂದು ಬರೆದರು. ಮೋನಪ್ಪನ ಮೇಜಿನ ಮೇಲೆ ಯಾವುದು ಕಾಯಿಲೆ, ಯಾವುದಲ್ಲ ಎಂದು ಹೇಳುವ ದಪ್ಪ ಪುಸ್ತಕವಿತ್ತು. ಒಂದೊಂದಕ್ಕೂ ಒಂದು ನಂಬರು. ಕಾಯಿಲೆಯೇ ಇಲ್ಲದೆ ನರಳುವುದಕ್ಕೂ ಒಂದು ನಂಬರಿತ್ತು ಎಂದರೆ ಸರ್ಕಾರದ ಜಾಣತನ ನೋಡಿ. ತಿಂಗಳ ಕೊನೆಗೆ ಕಾರ್ಡುಗಳು ದಿಲ್ಲಿಗೆ ಹೋಗುತ್ತಿದ್ದವು. ಯಾವ ಪಲ್ಟನ್ನಿನಲ್ಲಿ ಎಷ್ಟು ಮಂದಿಗೆ ಏನಾಗಿದೆ ಎಂದು ಅಲ್ಲಿ ಕೂತವರಿಗೆ ತಿಳಿಯುವುದು ಹಾಗೆ. ಮೋನಪ್ಪ ಗದಿಗೆಪ್ಪನ ಕಾರ್ಡಿಗೆ ದುಂಡಗೆ ನಂಬರು ಹಾಕಿದ. ನಾಳೆ ಭಾನುವಾರ ಮಧ್ಯಾಹ್ನದ ಗಾಡಿಗೆ ಕಾವಲಿನಲ್ಲಿ ಪಲ್ಟನ್ನಿಗೆ ವಾಪಸ್ಸು. ಅಲ್ಲಿ ಶಿಕ್ಷೆ, ಆಮೇಲೆ ಹೆಸರಿಗೆ ಕಪ್ಪುಮಸಿ ಬಳಿದು ಮನೆಗೆ.

ಮರುದಿನ ಬೆಳಿಗ್ಗೆ ಮೋನಪ್ಪನಿದ್ದ ಕುರ್ಲಾದ ಚಾಳಿನ ನಲ್ಲಿಯ ಮುಂದೆ ವಿಜಾಪುರದ ಚನ್ನವ್ವ ಬಿಂದಿಗೆ ಇಟ್ಟುಕೊಂಡು ಗೋಗರೆಯುತ್ತಿದ್ದಳು.

"ಮೋನಪ್ಪಣ್ಣಾರ, ನನಗ ಮುಂದ ಬಿಡ್ರಿ. ಕೂಸಿಗೆ ಜಡ್ಡಾಗೈತಿ."

"ಕೂಸಿಗೆ ಎಂಥ ಜಡ್ಡು ಮಾರಾಯ್ತಿ? ಎಬ್ಬಿಸಿದ್ರೆ ಏಳ್ತದೆ."

"ಎಬ್ಬಿಸೂದೇನ್ರಿ! ಮೈ ಕೆಂಡದಂಗ ಸುಡಾಕತ್ತೈತಿ."

"ಹಾಗಾದ್ರೆ ಸೀಕು ಅನ್ನಿ. ಜಡ್ಡು ಅಂದ್ರೆ ಸೋಮಾರಿತನ ಅಲ್ವಾ?"

ಚನ್ನವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಜಡ್ಡಂದ್ರ ಜಡ್ಡ ರೀ. ಬ್ಯಾನಿ. ನಿಮ್ಮೂರಾಗ ಮಂದಿ ಜಡ್ಡ ಬೀಳೂದಿಲ್ಲೇನು?"

ಹಾಗಾದರೆ ನಿನ್ನೆ ಗದಿಗೆಪ್ಪ ಹೇಳಿದ್ದು ಕಾಯಿಲೆಯನ್ನೇ ಎಂದು ಮೋನಪ್ಪನಿಗೆ ಹೊಳೆಯಿತು. ಅವಳ ಬಿಂದಿಗೆಯನ್ನು ನಲ್ಲಿಯ ಕೆಳಗೆ ತಾನೇ ತಳ್ಳಿ, ತನ್ನದನ್ನು ಅಲ್ಲೇ ಬಿಟ್ಟು ಒಳಗೆ ಓಡಿದ.

"ಭಾನುವಾರ ಎಲ್ಲಿಗೆ ಹೊರಟದ್ದು?" ಎಂದಳು ಹೆಂಡತಿ ವಿನೋದಿನಿ.

"ಒಬ್ಬನ ಮರ್ಯಾದೆ ತೆಗೆದು ಬಂದಿದ್ದೇನೆ. ವಾಪಸ್ ಕೊಡ್ಲಿಕ್ಕೆ ಆಗ್ತದಾ ನೋಡ್ತೇನೆ."

ಲೋಕಲ್ ರೈಲು ಖಾಲಿಯಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ನೂರು ಸಲ ಬರೆಸಿದ್ದರು. ಕಿಟಕಿಯಾಚೆ ಗಿರಣಿ ಚಿಮಣಿಗಳು ಬಿಸಿಲಿನಲ್ಲಿ ಕರಗಿ ತೇಲುತ್ತಿದ್ದವು. ನೋಡುತ್ತ ನೋಡುತ್ತ, ಹಳಿಗಳ ಮೇಲೆ ಏನೋ ಬಿಳಿಯದು ಮೆಲ್ಲಗೆ ಉದುರುತ್ತಿದೆ ಎನ್ನಿಸಿತು. ಅರಳೆಯ ಧೂಳಿರಬೇಕು. ಆದರೂ ಅವನು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ.

ಡಾಕ್ಟರು ವರಾಂಡದಲ್ಲಿ ಚಹಾ ಕುಡಿಯುತ್ತಿದ್ದರು. ಮೋನಪ್ಪ ನಿಂತಲ್ಲೇ ಎಲ್ಲ ಹೇಳಿದ. ತನ್ನ ಜಡ್ಡು ಬೇರೆ, ಅವನ ಜಡ್ಡು ಬೇರೆ ಎಂದ. ತಾನು ನುಂಗಿದ ಬರ್ಫದ ಮಾತನ್ನೂ ಹೇಳಿದ.

"ಬರ್ಫ್?" ಡಾಕ್ಟರು ಲೋಟ ಕೆಳಗಿಟ್ಟರು. "ಉಸೇ ರೋಕೋ," ಗಾಡಿ ಹತ್ತದಂತೆ ತಡೆ ಎಂದರು. ಎದ್ದು ನಿಂತು, ತಣ್ಣಗಿನ ದನಿಯಲ್ಲಿ, "ತುಮ್ಹಾರಾ ಭೀ ರಿಪೋರ್ಟ್ ಲಿಖನಾ ಪಡೇಗಾ, ಮೋನಪ್ಪ," ಎಂದರು.

"ಹೌದು, ಸರ್," ಎಂದ ಮೋನಪ್ಪ. ತನ್ನ ಮೇಲೂ ರಿಪೋರ್ಟು ಬರೆದರೆ ಹಂಗಾಮಿ ನೌಕರಿಯ ಗತಿ ಏನೆಂದು ಅವನಿಗೆ ಗೊತ್ತಿತ್ತು. ಆದರೂ ಮೈ ಹಗುರಾಗಿತ್ತು.

ಗದಿಗೆಪ್ಪ ಟ್ರಂಕಿಗೆ ಬೀಗ ಹಾಕಿ ಗೇಟಿನ ಬಳಿ ಕಾವಲಿನವರ ಜೊತೆ ಕೂತಿದ್ದ. ಮೋನಪ್ಪ ಟ್ರಂಕನ್ನು ತಾನೇ ಹೊತ್ತು ಅವನನ್ನು ವಾರ್ಡಿಗೆ ತಂದ.

"ತಪ್ಪಾಯ್ತು. ನಿಮ್ಮ ಮಾತು ನನಗೆ ಗೊತ್ತಾಗ್ಲಿಲ್ಲ."

"ಹೋಗ್ಲಿ ಬಿಡ್ರಿ," ಎಂದ ಗದಿಗೆಪ್ಪ. "ಇಷ್ಟ ದಿನಕ್ಕ ಕನ್ನಡದಾಗ ಕೇಳಿದವರು ನೀವೊಬ್ರ."

ಇದಕ್ಕಿಂತ ಎರಡೇಟು ಹೊಡೆದಿದ್ದರೆ ಮೋನಪ್ಪನಿಗೆ ಸಮಾಧಾನವಾಗುತ್ತಿತ್ತು.

ಡಾಕ್ಟರು 'ಸೋಗು' ಹೊಡೆದುಹಾಕಿ ಸಹಿ ಮಾಡಿದರು. ಬರ್ಫಕ್ಕೆ ಪುಸ್ತಕದಲ್ಲಿ ಹೆಸರು ಸಿಗಲಿಲ್ಲ. ಸಿಗುವವರೆಗೆ ಕಾರ್ಡಿನಲ್ಲಿ ನಂಬರಿನ ಮನೆ ಖಾಲಿ ಇರಲಿ ಎಂದರು. ಖಾಲಿ ಮನೆಯಿದ್ದ ಕಾರ್ಡು ಮೋನಪ್ಪನ ಪೆಟ್ಟಿಗೆಗೆ ಎಂದೂ ಬಂದಿರಲಿಲ್ಲ. ಅವನು ಪೆನ್ಸಿಲು ಚೂಪು ಮಾಡಿ, ದಿಲ್ಲಿಯವರು ಓದಲಾರದ ಅಕ್ಷರದಲ್ಲಿ, ಸಣ್ಣದಾಗಿ 'ಜಡ್ಡು' ಎಂದು ಬರೆದ.

ಹೊರಡುವಾಗ ವಾರ್ಡಿನಲ್ಲಿ ಇಣುಕಿದ. ಮೂರು ಕಂಬಳಿಗಳ ಕೆಳಗೆ ಗದಿಗೆಪ್ಪ ಮಲಗಿದ್ದ. ಉಳಿದವರೆಲ್ಲ ಬರಿಮೈಯಲ್ಲಿ ಬೆವರುತ್ತಿದ್ದರು. ಮೋನಪ್ಪ ಚಪ್ಪಲಿ ಕಳಚಿ ಒಳಗೆ ಹೋಗಿ, ಸಮುದ್ರದ ಕಡೆಯ ಕಿಟಕಿಯನ್ನು ಸದ್ದಾಗದಂತೆ ಮುಚ್ಚಿದ.