ಮೂರನೇ ಕೌಂಟರಿನ ಕೆಂಪು ಗೆರೆಗಳು

ಹನ್ನೊಂದನೆಯ ಹೆಸರಿನ ಮುಂದೆ ‘ಎರಡು ನಿಮಿಷ ಹತ್ತು ಸೆಕೆಂಡು’ ಎಂದು ಬರೆದು ಅವಳು ಪೆನ್ನಿನ ತುದಿಯಿಂದ ಕುತ್ತಿಗೆ ಕೆರೆದುಕೊಂಡಳು. ಬೆಳಗ್ಗೆ ಎಂಟರಿಂದ ಕಣ್ಣಾಸ್ಪತ್ರೆಯ ಮೂರನೇ ಕೌಂಟರಿನ ಹಿಂದೆ, ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂತು ಬೆನ್ನು ಹಿಡಿದುಕೊಂಡಿತ್ತು. ಕೆಲಸವೇನೋ ಸುಲಭದ್ದೇ. ಕೌಂಟರಿನಾಕೆ ‘ಹೊಸ ಹೆಸರು’ ಒತ್ತಿದಾಗ ಗಡಿಯಾರ ನೋಡುವುದು, ಚೀಟಿ ಹೊರಬಂದಾಗ ಮತ್ತೊಮ್ಮೆ ನೋಡುವುದು, ಬರೆದುಕೊಳ್ಳುವುದು. ಕಂಪ್ಯೂಟರೂ ಇದನ್ನೇ ಬರೆದಿಡುತ್ತಿತ್ತು. ಆದರೆ ಕಂಪ್ಯೂಟರಿನ ಬರಹವನ್ನು ಅವಳು ಇಪ್ಪತ್ತು ವರ್ಷದಿಂದ ಬಲ್ಲಳು. ಎಷ್ಟು ಹೊತ್ತಾಯಿತು ಎಂದು ಅದು ಹೇಳುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಹೇಳುವುದಿಲ್ಲ.

ಆಸ್ಪತ್ರೆಗೆ ನೋಂದಣಿಯ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಲ್ಲಿ ಅವಳು ಪ್ರೋಗ್ರಾಮರ್. ಒಬ್ಬರ ನೋಂದಣಿ ನಾಲ್ಕು ನಿಮಿಷ ಮೀರಿದರೆ ದಿನದ ವರದಿಯಲ್ಲಿ ಆ ಹೆಸರಿನ ಪಕ್ಕ ಕೆಂಪು ಗೆರೆ ಬೀಳುತ್ತದೆ. ಉಳಿದ ಮೂರು ಕೌಂಟರುಗಳಲ್ಲಿ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಮೂರನೆಯದರಲ್ಲಿ ಬೆಳಗಿನ ಪಾಳಿಯೊಂದರಲ್ಲೇ ಹದಿನೇಳು, ಹದಿನೆಂಟು. ಕೆಂಪು ಗೆರೆಯ ಪದ್ಧತಿ ಬಂದ ಮೂರು ತಿಂಗಳಿಂದಲೂ ಹೀಗೇ ನಡೆದಿತ್ತು. ಯಂತ್ರದ ದೋಷವೋ ಮನುಷ್ಯರದೋ ನೋಡಿ ಬನ್ನಿ ಎಂದು ಕಂಪನಿಯವರು ಅವಳನ್ನು ಕಳಿಸಿದ್ದರು.

ಕೌಂಟರಿನ ಮೇಲ್ವಿಚಾರಕಿಗೆ ಅದರಲ್ಲಿ ನೋಡುವಂಥದ್ದೇನೂ ಕಂಡಿರಲಿಲ್ಲ.

“ಮೆಷೀನು ಸರಿಯಿಲ್ಲ ಅಂತಾಳೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಅದೇ ಕುರ್ಚಿ, ಅದೇ ಮೆಷೀನು, ಮಧ್ಯಾಹ್ನದವಳು ಕೂತ್ರೆ ಒಂದೂ ಕೆಂಪು ಗೆರೆ ಬರಲ್ಲ ಮೇಡಂ. ಆಮೆ ಅಂತ ಸುಮ್ನೆ ಹೆಸರಿಟ್ಟಿದ್ದಾರಾ?” ಎಂದು, ಕೌಂಟರಿನಾಕೆಗೆ ಕೇಳಲಿ ಎಂಬಷ್ಟೇ ಗಟ್ಟಿಯಾಗಿ ಹೇಳಿದ್ದಳು. “ಸೋಮವಾರದಿಂದ ಕೆಳಗಡೆ ಕಡತದ ಕೋಣೆಗೆ ಹಾಕ್ತಿದ್ದೀವಿ. ಅಲ್ಲಿ ನಿಧಾನವಾದ್ರೂ ಕೇಳೋರಿಲ್ಲ.”

ಆಮೆ ಎನಿಸಿಕೊಂಡಾಕೆಗೆ ಐವತ್ತರ ಆಸುಪಾಸು. ಕೂದಲನ್ನು ಬಿಗಿಯಾಗಿ ಹಿಂದೆಳೆದು ಕಟ್ಟಿದ್ದಳು. ಬೆರಳುಗಳು ಕೀಲಿಗಳ ಮೇಲೆ ಅಕ್ಕಿ ಆರಿಸಿದಂತೆ ಓಡುತ್ತಿದ್ದವು. ಮೇಲ್ವಿಚಾರಕಿ ಆಚೆ ಹೋದ ಮೇಲೆ ಆಕೆ ತಿರುಗದೆಯೇ ಮಾತಾಡಿದಳು.

“ಹಾಕ್ಲಿ ಬಿಡಮ್ಮ. ಕೆಳಗೆ ಬಯ್ಯೋರು ಯಾರೂ ಇಲ್ಲ, ಇಲಿಗಳನ್ನ ಬಿಟ್ರೆ. ಆದ್ರೆ ಅಲ್ಲಿ ಬಿಡೋದು ಸಂಜೆ ಆರಕ್ಕೆ. ನಮ್ಮಕ್ಕಂಗೆ ಎಡಗೈ ಎಡಗಾಲು ಸ್ವಾಧೀನ ಇಲ್ಲ. ಬೆಳಗ್ಗೆ ಪಕ್ಕದ ಮನೆಯಾಕೆ ನೋಡ್ಕೋತಾಳೆ. ಎರಡೂವರೆಗೆ ಅವಳು ಕೆಲಸಕ್ಕೆ ಹೊರಡಬೇಕು, ಅಷ್ಟರಲ್ಲಿ ನಾನು ಹೋಗಿ ಮಗ್ಗುಲು ತಿರುಗಿಸಿ ಊಟ ಮಾಡಿಸ್ಬೇಕು.”

“ಮನೇಲಿ ಬೇರೆ ಯಾರೂ ಇಲ್ವಾ?”

“ಇದ್ದಾರಲ್ಲ. ಅಕ್ಕನ ಗಂಡ. ಗೋಡೆ ಮೇಲೆ, ಚೌಕಟ್ಟಿನ ಒಳಗೆ. ಇದ್ದಾಗಲೂ ಅಷ್ಟೇ ಉಪಯೋಗ.”

ಅವಳಿಗೆ ನಗು ಬಂತು. ಹನ್ನೆರಡನೆಯ ಹೆಸರಿಗೆ ಒಂದು ನಿಮಿಷ ಐವತ್ತು ಸೆಕೆಂಡು. ಹದಿಮೂರು, ಹದಿನಾಲ್ಕು, ಎಲ್ಲವೂ ಎರಡರ ಒಳಗೇ. ಹೀಗೆ ಕೆಲಸ ಮಾಡುವವಳನ್ನು ಆಮೆ ಎನ್ನುವುದಾದರೆ ಮೊಲ ಎಂದು ಯಾರನ್ನು ಕರೆಯುವುದು ಎಂದು ಯೋಚಿಸುತ್ತಿದ್ದಾಗ ಮೇಜಿನ ಫೋನು ಗುರುಗುಟ್ಟಿತು. ಮಹಡಿಯ ಮೇಲಿನ ವೈದ್ಯರೊಬ್ಬರಿಗೆ ಪಟ್ಟಿ ಬೇಕಿತ್ತು.

ಪ್ರತಿ ಕೌಂಟರಿಗೂ ಮೂವರು ವೈದ್ಯರು. ಗಂಟೆಗೊಮ್ಮೆ ಪ್ರತಿಯೊಬ್ಬರಿಗೂ, ಕಾಯುತ್ತಿರುವವರ ಹೆಸರು ಮತ್ತು ಅವರ ಹಳೆಯ ತಪಾಸಣೆಗಳೆಲ್ಲ ಸೇರಿದ ಪಟ್ಟಿಯನ್ನು ಕಳಿಸಬೇಕು. ಪಟ್ಟಿ ತಯಾರಾಗಲು ಸುಮಾರು ಐದು ನಿಮಿಷ ಹಿಡಿಯುತ್ತದೆ. ಎರಡನೇ ಕೌಂಟರಿನ ಹುಡುಗಿ ಪಟ್ಟಿಯ ಗುಂಡಿ ಒತ್ತಿ, ‘ದಯವಿಟ್ಟು ಕಾಯಿರಿ’ ಎಂಬ ಹಲಗೆಯನ್ನು ಸರದಿಯ ಕಡೆಗೆ ತಿರುಗಿಸಿ, ಉಗುರು ನೋಡಿಕೊಳ್ಳುತ್ತಾ ಕೂತದ್ದನ್ನು ಅವಳು ಬೆಳಗ್ಗೆಯೇ ಗಮನಿಸಿದ್ದಳು. ನಾಲ್ಕನೆಯವಳೂ ಅಷ್ಟೇ. ಮೂರನೆಯಾಕೆ ಗುಂಡಿ ಒತ್ತಿದಳು, ಪಕ್ಕದಲ್ಲಿ ಮೊದಲೇ ತೆರೆದಿಟ್ಟಿದ್ದ ಪುಟಕ್ಕೆ ಬಂದಳು, “ಬನ್ನಿ ತಾತ” ಎಂದಳು.

ಒಂದು ಕಣ್ಣಿಗೆ ಬ್ಯಾಂಡೇಜು ಹಾಕಿಕೊಂಡಿದ್ದ ಮುದುಕ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಹೆಸರು, ವಯಸ್ಸು, ಯಾವ ಕಣ್ಣು, ಎಲ್ಲವನ್ನೂ ಆಕೆ ಒಂದು ನಿಮಿಷದಲ್ಲಿ ತುಂಬಿ ಉಳಿಸುವ ಗುಂಡಿ ಒತ್ತಿದಳು. ಪರದೆಯ ನಡುವೆ ಸಣ್ಣ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು.

“ನಿಂತು ಹೋಯ್ತೇನಮ್ಮಾ?”

“ಇಲ್ಲ ತಾತ, ಯೋಚನೆ ಮಾಡ್ತಿದೆ. ನಿಮ್ಮ ಹೆಸರು ಅಷ್ಟು ಉದ್ದ ಇದೆ ನೋಡಿ.”

“ನಮ್ಮಪ್ಪ ಇಟ್ಟಿದ್ದು. ಅವನಿಗೆ ಬೇರೇನೂ ಕೊಡೋಕಿರಲಿಲ್ಲ, ಹೆಸರನ್ನಾದ್ರೂ ಉದ್ದ ಕೊಟ್ಟ.”

ಸರದಿಯಲ್ಲಿ ನಾಲ್ಕಾರು ಜನ ನಕ್ಕರು. ಚಕ್ರ ಮಾತ್ರ ತಿರುಗುತ್ತಿತ್ತು. ಪಟ್ಟಿ ಮುದ್ರಣವಾಗಿ ಹೊರಬಂತು. ಮರುಕ್ಷಣವೇ ಮುದುಕನ ಚೀಟಿಯೂ ಬಂತು. ಐದು ನಿಮಿಷ. ಕೆಂಪು ಗೆರೆ.

ಅವಳು ಬರೆದುಕೊಳ್ಳಲಿಲ್ಲ. ಬೆನ್ನ ನೋವು ಒಮ್ಮೆಗೇ ಮರೆತುಹೋಗಿತ್ತು.

“ಪಟ್ಟಿ ಆಗೋವರೆಗೂ ನೀವ್ಯಾಕೆ ಉಳಿದವರ ಹಾಗೆ ಸುಮ್ನೆ ಕೂರಲ್ಲ?”

ಆಕೆ ಈಗ ತಿರುಗಿದಳು. “ಒಲೆ ಮೇಲೆ ನೀರಿಟ್ಟು ಅದು ಕುದಿಯೋವರೆಗೂ ಕೈಕಟ್ಕೊಂಡು ನಿಂತಿರ್ತೀರಾ ನೀವು? ಇವರೆಲ್ಲ ನಿಂತೇ ಇರ್ತಾರಲ್ಲಮ್ಮ.”

ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಕೌಂಟರಿನವರು ತಮ್ಮ ಹೆಸರು, ಗುಟ್ಟಿನ ಪದ ಕೊಟ್ಟು ಕೆಲಸ ಶುರುಮಾಡಿದ ಮೇಲೆ ಕಂಪ್ಯೂಟರು ಅವರಿಗೊಂದು ಗುರುತಿನ ಪುಸ್ತಕ ತೆರೆದಿಡುತ್ತದೆ. ಅದನ್ನು ಸೆಷನ್ ಎನ್ನುತ್ತಾರೆ. ಅವರು ಕೇಳುವ ಪ್ರತಿ ಪುಟವೂ ಮೊದಲು ಆ ಪುಸ್ತಕ ನೋಡಬೇಕು. ಒಂದು ಪುಟ ನೋಡುತ್ತಿದ್ದಾಗ ಇನ್ನೊಂದು ಮುಟ್ಟುವಂತಿಲ್ಲ. ಒಂದೇ ಬಚ್ಚಲಿರುವ ಮನೆಯ ಹಾಗೆ, ಒಳಗಿನವರು ಚಿಲಕ ಹಾಕಿಕೊಂಡರೆ ಹೊರಗಿನವರು ಟವೆಲು ಹಿಡಿದು ನಿಲ್ಲಬೇಕು. ನಿಯಮವೇನೋ ಒಳ್ಳೆಯದೇ. ಆದರೆ ಈ ಪಟ್ಟಿಗೆ ಬಚ್ಚಲಲ್ಲಿ ಇದ್ದ ಕೆಲಸ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳುವಷ್ಟು. ನೋಡಿಕೊಂಡು ಹೊರಗೆ ಬರುವ ಬದಲು ಅದು ಚಿಲಕ ಹಾಕಿಕೊಂಡು, ಒಳಗೇ ಕೂತು, ಐದು ನಿಮಿಷದ ತನ್ನ ಕೆಲಸವನ್ನೆಲ್ಲ ಮುಗಿಸುತ್ತಿತ್ತು. ಬೇರೆ ಕೌಂಟರಿನವರಿಗೆ ಅವರವರ ಬಚ್ಚಲು ಬೇರೆ. ಅವರಿಗೆ ಇದು ತಟ್ಟುತ್ತಿರಲಿಲ್ಲ. ತಮ್ಮದೇ ಪಟ್ಟಿಯಾಗುವಾಗ ಅವರೂ, ಇದೇ ಕುರ್ಚಿಯ ಮಧ್ಯಾಹ್ನದವಳೂ ಹಲಗೆ ತಿರುಗಿಸಿ ಕೂರುತ್ತಿದ್ದರು, ಸರದಿಯವರ ಗಡಿಯಾರ ಇನ್ನೂ ಶುರುವಾಗಿಯೇ ಇರುತ್ತಿರಲಿಲ್ಲ. ಕಾಯಿಸುವವರಿಗೆ ಗೆರೆಯಿಲ್ಲ, ಕಾಯಿಸಬಾರದೆಂದು ಕರೆದವಳಿಗೆ ಗೆರೆ. ಪಾಳಿ ಮುಗಿದಾಗ ನೋಡಿದರೆ ನಾಲ್ಕು ಕೌಂಟರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಮುಗಿದಿರುತ್ತಿದ್ದರು. ಹಾಗಿದ್ದ ಮೇಲೆ ಈಕೆ ನಿಧಾನ ಹೇಗಾದಳು ಎಂದು ಮೂರು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

ಎರಡು ಗಂಟೆಗೆ ಆಕೆ ಕೈಚೀಲ ಹೆಗಲಿಗೇರಿಸಿ, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಹೆಜ್ಜೆಯಲ್ಲಿ ಹೊರಟುಹೋದಳು. ಅವಳು ತನ್ನ ಕಂಪನಿಯ ಕಚೇರಿಗೆ ಬಂದು, ಪಟ್ಟಿ ತಯಾರಿಸುವ ಪ್ರೋಗ್ರಾಮಿನ ಕಡತ ತೆರೆದಳು.

ತೆರೆಯುವ ಮೊದಲೇ ಅನುಮಾನವಿತ್ತು. ಯಾವ ಸಾಲನ್ನು ಯಾರು ಯಾವ ದಿನ ಬರೆದರು ಎಂಬುದು ಪಕ್ಕದಲ್ಲೇ ಕಾಣುತ್ತದೆ. ಎಂಟು ವರ್ಷದ ಹಿಂದಿನ ತಾರೀಖು, ಅವಳದೇ ಹೆಸರು. ಮೇಲೊಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದಳು: ‘ಪಟ್ಟಿ ಪೂರ್ತಿ ಮುಗಿಯುವವರೆಗೆ ಸೆಷನ್ ಬಿಡಬಾರದು.’ ಕೊನೆಯಲ್ಲಿ, ಕಡೆಯ ಪಟ್ಟಿ ಇಷ್ಟು ಗಂಟೆಗೆ ತೆಗೆದದ್ದು ಎಂದು ಆ ಪುಸ್ತಕದಲ್ಲಿ ಬರೆಯಬೇಕಿತ್ತು. ನಡುವೆ ಬಿಟ್ಟರೆ ಬೇರೆ ಯಾವುದೋ ಪುಟ ಬಂದು ಏನಾದರೂ ತಿದ್ದೀತು ಎಂಬ ಹೆದರಿಕೆ. ಆಗ ಆಸ್ಪತ್ರೆ ಹೊಸದು, ಪಟ್ಟಿ ಎರಡು ಸೆಕೆಂಡಿನಲ್ಲಿ ಬರುತ್ತಿತ್ತು. ಎಂಟು ವರ್ಷದ ರೋಗಿಗಳು ಸೇರಿಕೊಂಡು ಅದು ಐದು ನಿಮಿಷವಾಗುವಷ್ಟರಲ್ಲಿ ಅವಳು ಬೇರೆ ಹತ್ತು ಕೆಲಸಗಳಿಗೆ ಹೋಗಿದ್ದಳು.

ಟಿಪ್ಪಣಿಯನ್ನು ಅವಳು ಎರಡು ಸಲ ಓದಿದಳು. ಅದು ಅವಳ ಸ್ವಭಾವವೇ ಆಗಿತ್ತು. ಹಿಡಿದದ್ದು ಮುಗಿಯುವವರೆಗೆ ಬಿಡುವವಳಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ನಾದಿನಿಯ ಮುಂದೆ ಹೇಳಿದ್ದರು, “ಬಲಗೈಲಿ ಹಿಡಿದದ್ದನ್ನ ಎಡಗೈಗೂ ಕೊಡೋಳಲ್ಲ ಇವಳು” ಎಂದು. ಅದನ್ನು ಹೊಗಳಿಕೆ ಎಂದೇ ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದಳು. ಅವಳು ಹಿಡಿದುಕೊಂಡು ಕೂತಷ್ಟು ಹೊತ್ತು ಬಾಗಿಲ ಹೊರಗೆ ಯಾರಾದರೂ ನಿಂತಿದ್ದರೇ ಎಂದು ತಿರುಗಿ ನೋಡುವ ಪ್ರಸಂಗ ಬಂದಿರಲಿಲ್ಲ. ಮನೆಯಲ್ಲಿ ನಿಂತಿದ್ದವರ ಮುಖಗಳು ಒಂದೆರಡು ಈಗ ಕಣ್ಣ ಮುಂದೆ ಬಂದವು. ಅವನ್ನು ಪಕ್ಕಕ್ಕೆ ಸರಿಸಿ ಅವಳು ಕೆಲಸ ಮಾಡಿದಳು.

ತಿದ್ದಲು ಇಪ್ಪತ್ತು ನಿಮಿಷವೂ ಆಗಲಿಲ್ಲ. ಕೊನೆಯಲ್ಲಿದ್ದ ಬರೆಯುವ ಕೆಲಸವನ್ನು ಮೊದಲಿಗೆ ತಂದಳು. ಯಾರು ಕೇಳುತ್ತಿದ್ದಾರೆ ಎಂದು ನೋಡಿಕೊಂಡ ತಕ್ಷಣ ಪುಸ್ತಕ ಬಿಟ್ಟುಬಿಡುವಂತೆ ಒಂದು ಸಾಲು ಸೇರಿಸಿದಳು. ಆಮೇಲೆ ಆ ಉದ್ದದ ಹುಡುಕಾಟ. ಪಟ್ಟಿಯ ಗುಂಡಿ ಒತ್ತಿ, ಪಕ್ಕದ ಪುಟದಲ್ಲಿ ಒಂದು ಹೆಸರು ಸೇರಿಸಿ ನೋಡಿದಳು. ಪಟ್ಟಿ ತನ್ನ ಪಾಡಿಗೆ ಐದು ನಿಮಿಷ ತೆಗೆದುಕೊಂಡಿತು. ಹೆಸರು ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿಯಿತು.

ಮ್ಯಾನೇಜರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಒಂದು ಕಾಲದಲ್ಲಿ ಅವಳ ಕೈಕೆಳಗೇ ಕಲಿತವನು. ಎಲ್ಲರಂತೆ ಅವನೂ ಅವಳನ್ನು ಅಕ್ಕ ಎನ್ನುತ್ತಿದ್ದ.

“ಶಭಾಷ್ ಅಕ್ಕ. ಇವತ್ತೇ ಹಾಕಿಬಿಡಿ. ವರದೀಲಿ ‘ವೇಗ ಹೆಚ್ಚಿಸಲಾಗಿದೆ’ ಅಂತ ಒಂದೇ ಸಾಲು ಬರೀರಿ, ಸಾಕು.”

“ಮೂರು ತಿಂಗಳ ಕೆಂಪು ಗೆರೆ?”

“ಹಳೇದು ಹಳೇದೇ. ಅದನ್ನ ಯಾರು ಕೆದಕ್ತಾರೆ?”

“ಕೆದಕದೇ ಇದ್ರೆ ಸೋಮವಾರ ಆಕೇನ ಕೆಳಗೆ ಕಳಿಸ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ಅಕ್ಕ, ಆಸ್ಪತ್ರೆಯೋರು ಯಾರನ್ನ ಎಲ್ಲಿ ಕೂರಿಸ್ತಾರೋ ಅದು ಅವರ ಮನೆ ವಿಷಯ.” ಅವನು ಕುರ್ಚಿ ಹತ್ತಿರ ಎಳೆದುಕೊಂಡ. “ಮುಂದಿನ ತಿಂಗಳು ಒಪ್ಪಂದ ಮುಂದುವರಿಸೋ ಮಾತಿದೆ. ಅದೇ ತಿಂಗಳು ನಿಮ್ಮನ್ನ ತಂಡದ ಮುಖ್ಯಸ್ಥೆ ಮಾಡೋ ಕಾಗದಕ್ಕೆ ನಾನು ಸಹಿ ಹಾಕಿಸ್ಬೇಕು. ಈಗ ಹೋಗಿ ತಪ್ಪು ನಮ್ಮದೇ, ಅದರಲ್ಲೂ ನನ್ನದೇ ಅಂತ ಡಂಗುರ ಸಾರ್ತೀರಾ? ಸಮಸ್ಯೆ ಹೋಯ್ತಲ್ಲ. ಹಾವೂ ಸಾಯ್ಲಿ, ಕೋಲೂ ಉಳೀಲಿ.”

“ಹಾವು ಯಾರು ಇಲ್ಲಿ?” ಎಂದಳು ಅವಳು. ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ಒಂದೇ ಸಾಲಿನ ವರದಿ ಬರೆದು ಕಳಿಸಿದಳು. ಬರೆದದ್ದು ಸುಳ್ಳೇನೂ ಆಗಿರಲಿಲ್ಲ.

ಮನೆಗೆ ಬಂದಾಗ ಗಂಡ ಅಡುಗೆಮನೆಯ ನಲ್ಲಿಗೆ ಹೊಸ ವಾಷರು ಹಾಕುತ್ತಿದ್ದ. ಮೊಣಕೈವರೆಗೂ ಒದ್ದೆ. ಫೋನಿನಲ್ಲಿ ತಂಗಿಯ ಜೊತೆ ಮಾತೂ ನಡೆದಿತ್ತು. “ಇಗೋ ಬಂದ್ರು, ನಿಮ್ಮ ಅತ್ತಿಗೆ, ದೊಡ್ಡ ಸಾಹೇಬರು. ಇನ್ಮೇಲೆ ಮಾತಾಡಿಸೋಕೂ ಚೀಟಿ ತಗೋಬೇಕು” ಎಂದು ಹೇಳಿ ಫೋನಿಟ್ಟ.

“ಇನ್ನೂ ಆಗಿಲ್ಲ. ಊರಿಗೆಲ್ಲ ಯಾಕೆ ಹೇಳ್ತೀರಿ?”

“ಆಗೋದೇನು ಬಾಕಿ? ಕಾಗದ ಒಂದೇ ತಾನೆ. ಯಾಕೆ, ಮುಖ ಯಾಕೆ ಹಾಗಿದೆ?”

ಅವಳು ಚಹಾಕ್ಕೆ ನೀರಿಡುತ್ತಾ ಹೇಳಿದಳು, ಕೌಂಟರಿನಾಕೆಯ ವಿಷಯವನ್ನಲ್ಲ, ಬರಿಯ ಹಳೆಯ ಸಾಲಿನ ವಿಷಯವನ್ನು. ಅವನು ಕೈ ಒರೆಸಿಕೊಂಡು ಕೇಳಿದ.

“ಎಂಟು ವರ್ಷದ ಹಿಂದಿನ ಒಂದು ಸಾಲು. ಯಾರಿಗೆ ನೆನಪಿರುತ್ತೆ ಮಾರಾಯ್ತಿ? ನಂಗೆ ನಿನ್ನೆ ತಿಂದದ್ದು ನೆನಪಿಲ್ಲ.”

“ಕಂಪ್ಯೂಟರಿಗಿದೆ.”

“ಅದೇನು ಬಂದು ಸಾಕ್ಷಿ ಹೇಳುತ್ತಾ?” ಅವನು ನಲ್ಲಿ ತಿರುಗಿಸಿ, ಒಂದು ಹನಿಯೂ ಸೋರದ್ದನ್ನು ನೋಡಿ ಸಂತೋಷಪಟ್ಟ.

ಅವಳು ಮತ್ತೆ ಆ ಮಾತೆತ್ತಲಿಲ್ಲ. ಸಣ್ಣಪುಟ್ಟದ್ದಕ್ಕೂ ‘ಏನಂತೀರಿ’ ಎಂದು ಅವನನ್ನು ಕೇಳುವ ರೂಢಿ ಅವಳದು. ಕಿಟಕಿ ಪರದೆಯ ಬಣ್ಣಕ್ಕೂ ಕೇಳುತ್ತಿದ್ದಳು. ಆಸ್ಪತ್ರೆಯವರಿಗೆ ತಪ್ಪು ತನ್ನದೆಂದು ಹೇಳಲೇ ಎಂದು ಕೇಳಿದರೆ ಅವನು ಬೇಡ ಎನ್ನುತ್ತಾನೆ, ಪ್ರೀತಿಯಿಂದಲೇ ಎನ್ನುತ್ತಾನೆ, ಆಮೇಲೆ ಹೇಳದೆ ಉಳಿದದ್ದು ಅವನ ತೀರ್ಮಾನವಾಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಗ್ಗೆ, ಮನೆಯವರೆಲ್ಲ ಹೊರಗೆ ಹೋದ ಮೇಲೆ, ಊಟದ ಮೇಜಿನ ಮೇಲೆ ಕಂಪ್ಯೂಟರು ತೆರೆದಳು. ಮೂರು ತಿಂಗಳ ಒಂದೊಂದು ಹೆಸರಿನ ಹೊತ್ತನ್ನೂ ಅದೇ ಕೌಂಟರಿನ ಪಟ್ಟಿಗಳ ಹೊತ್ತಿನ ಪಕ್ಕದಲ್ಲಿಟ್ಟು, ಸುಮ್ಮನೆ ಕಾದ ಹೊತ್ತನ್ನು ಕಳೆಯುತ್ತಾ ಹೋದಳು. ಹನ್ನೊಂದರ ಹೊತ್ತಿಗೆ ಮುಗಿಯಿತು. ದಿನಕ್ಕೆ ಹದಿನೆಂಟಿದ್ದ ಗೆರೆಗಳು ಸರಾಸರಿ ಒಂದು ಒಂದೂವರೆಗೆ ಇಳಿದವು. ಒಂದು ದಿನ ಮಾತ್ರ ಐದು ಉಳಿದವು; ಅವು ಏಕೆ ಎಂದು ಅವಳಿಗೆ ತಿಳಿಯಲಿಲ್ಲ. ಅವನ್ನು ಹಾಗೆಯೇ ಬಿಟ್ಟಳು.

ಇದನ್ನು ಮೇಲ್ವಿಚಾರಕಿಗೆ ಕೊಟ್ಟರೆ ಡ್ರಾಯರಿಗೆ ಹೋಗುತ್ತದೆ. ಮ್ಯಾನೇಜರನಿಗೆ ಕೊಟ್ಟರೆ ಅಲ್ಲಿಗೂ ಹೋಗುವುದಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಏಳೂವರೆಗೇ ಬರುತ್ತಾರೆ, ಕೌಂಟರು ತೆರೆಯುವುದು ಎಂಟಕ್ಕೆ. ಸೋಮವಾರದ ಆ ಅರ್ಧ ಗಂಟೆಯನ್ನು ಅವಳು ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಿದಳು, ಮೆಟ್ಟಿಲು, ಉದ್ದದ ಓಣಿ, ಬಾಗಿಲು, ಹೇಳಬೇಕಾದ ಮೊದಲ ವಾಕ್ಯ. ತಂಡದ ಮುಖ್ಯಸ್ಥೆಯ ಕುರ್ಚಿ ಬೇರೆ ಯಾರಿಗೆ ಹೋಗಬಹುದು ಎಂದೂ ಯೋಚಿಸಿದಳು. ಹೆಸರು ಹೊಳೆಯಿತು. ಅಸೂಯೆಯಾಗಲಿಲ್ಲವೆಂದರೆ ಸುಳ್ಳಾದೀತು.

ಹಾಳೆಯ ಮೇಲ್ಭಾಗದಲ್ಲಿ ಒಂದು ವಾಕ್ಯ ಬರೆದಳು: ‘ಈ ವಿಳಂಬಕ್ಕೆ ಕಾರಣ ನಾನು ಬರೆದ ಒಂದು ಸಾಲು, ಕೌಂಟರಿನಲ್ಲಿ ಕೂತವರಲ್ಲ.’ ಕೆಳಗೆ ತನ್ನ ಪೂರ್ತಿ ಹೆಸರು ಸೇರಿಸಿ ಎರಡು ಪ್ರತಿ ಮುದ್ರಿಸಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಕೇಳಿದ, “ಸೋಮವಾರ ನನಗೆ ರಜೆ. ಬೆಳಗ್ಗೆ ನಿಧಾನಕ್ಕೆ ಎದ್ದು ಒಟ್ಟಿಗೆ ಚಹಾ ಕುಡಿಯೋಣ್ವಾ?”

“ನಾನು ಬೇಗ ಹೊರಡ್ತೀನಿ. ಕೆಲಸ ಇದೆ” ಎಂದಳು ಅವಳು, ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಾ.