ತನ್ನನ್ನೂ ಎಣಿಸಿಕೊಂಡ ಒಂದು

ಗಂಡನ ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಎಂದಿನಂತೆ ಆರಕ್ಕೆ ಎದ್ದಳು. ಹಾಲು ಕಾಯಿಸಿದಳು, ಕಸ ಹೊರಗಿಟ್ಟಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಅವನದಲ್ಲ, ಅವನ ತಂಗಿಯದು. ಕೆಲಸ ಹೋದ ಮೇಲೆ, ಸಂದರ್ಶನಕ್ಕೆ ಅಭ್ಯಾಸ ಮಾಡಲೆಂದು ಕೇಳಿ ತಂದಿದ್ದ. ಒಂಬತ್ತಕ್ಕೆ ಆಕೆ ಬಂದು ಒಯ್ಯುವವಳಿದ್ದಳು. ಅಷ್ಟರೊಳಗೆ ಅವನು ಅರ್ಧಕ್ಕೆ ಬಿಟ್ಟದ್ದನ್ನು ನೋಡಬೇಕು.

ಅವನ ಕೊನೆಯ ಲೆಕ್ಕ ಹಾಗೇ ತೆರೆದಿತ್ತು. ಸೊನ್ನೆ, ಒಂದುಗಳು ತುಂಬಿದ ಚೌಕ. ತನ್ನ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಇನ್ನೊಂದು ‘ಒಂದು’ ಇಲ್ಲದ ‘ಒಂದು’ಗಳು ಎಷ್ಟಿವೆ ಎಂದು ಪ್ರೋಗ್ರಾಮ್ ಹೇಳಬೇಕು. ಅಂಥದ್ದಕ್ಕೆ ಅವನಿಟ್ಟ ಹೆಸರು ‘ಒಂಟಿ’. ಯಾವ ಚೌಕ ಕೊಟ್ಟರೂ ಉತ್ತರ ಸೊನ್ನೆಯೇ ಬರುತ್ತಿತ್ತು. ಕೊನೆಯ ಸಂಜೆ ತಲೆ ಕೆರೆದುಕೊಂಡು ಅವಳನ್ನು ಕರೆದಿದ್ದ.

“ಮೇಡಮ್ಮೋರೇ, ಕಂಪ್ಯೂಟರಲ್ಲಿ ಎಮ್ಮೆಸ್ಸಿ ಮಾಡಿದೀರಲ್ಲ, ಸ್ವಲ್ಪ ಕಣ್ಣು ಹಾಯಿಸಿ.”

“ನಾಳೆ ನೋಡ್ತೀನಿ, ಈಗ ಕಣ್ಣು ಎಳೀತಿದೆ.”

ಆ ‘ನಾಳೆ’ ಬೆಳಗಾಗುವಷ್ಟರಲ್ಲಿ ಅವನ ಎದೆಬಡಿತ ನಿಂತಿತ್ತು.

ಎಂಟೂವರೆಗೆ ತಪ್ಪು ಸಿಕ್ಕಿತು. ‘ಒಂದ’ರ ಸಾಲಿನಲ್ಲಿ ಜೊತೆಗಾರರನ್ನು ಹುಡುಕುವಾಗ ಅದನ್ನು ಬಿಟ್ಟು ಹುಡುಕಬೇಕು. ಅವನು ಬಿಟ್ಟಿರಲಿಲ್ಲ. ಹಾಗಾಗಿ ಪ್ರತಿ ಒಂದಕ್ಕೂ ತಾನೇ ಜೊತೆಯಾಗಿ ಸಿಗುತ್ತಿತ್ತು. ಅವನ ಲೆಕ್ಕದಲ್ಲಿ ಯಾರೂ ಒಂಟಿಯಲ್ಲ.

ಹೊಸಬರು ಮಾಡುವ ತಪ್ಪು. ಆ ಸಂಜೆ ನೋಡಿದ್ದರೆ ಅರ್ಧ ಗಂಟೆಯೂ ಹಿಡಿಯುತ್ತಿರಲಿಲ್ಲ.

ಒಂದು ಸಾಲು ಸೇರಿಸಿ ಪ್ರೋಗ್ರಾಮ್ ಓಡಿಸಿದಳು. ಒಂಟಿ: 1. ಸರಿಯುತ್ತರ.

“ರೀ—” ಎಂದು ಕೋಣೆಯತ್ತ ತಿರುಗಿದಳು.

ನಾದಿನಿ ಬಂದು ಬಾಗಿಲಲ್ಲೇ ನಿಂತಳು.

“ಅತ್ತಿಗೆ, ಇವತ್ತೇ ಕೇಳಬಾರದಿತ್ತು. ಹನ್ನೊಂದಕ್ಕೆ ಪರೀಕ್ಷೆ, ಇದರಲ್ಲೇ ಬರೀಬೇಕು.”

“ನಿಂದೇ ಅಲ್ವೇನೇ, ತಗೋ.”

“ಎರಡು ದಿನಕ್ಕೆ ಅಂತ ತಗೊಂಡು ಎರಡು ತಿಂಗಳು ಇಟ್ಕೊಂಡ, ಪುಣ್ಯಾತ್ಮ. ಅವನ ಕೈಗೆ ಕೊಟ್ಟಿದ್ದು ವಾಪಸ್ ಬಂದಿದ್ದುಂಟಾ?” ನಾದಿನಿ ಚಪ್ಪಲಿ ಬಿಟ್ಟು ಒಳಗೆ ಬಂದಳು. “ಯಾವುದೋ ಲೆಕ್ಕ ಬರ್ತಿಲ್ಲ ಅಂತ ನಂಗೂ ಫೋನ್ ಮಾಡಿದ್ದ. ಬಿಡಿಸಿದ್ನಾ?”

“ಬಿಡಿಸಿದ್ದ.”

“ನೋಡಿ, ದಡ್ಡ ಅಂತ ಎಷ್ಟು ಬೈದಿದ್ದೆ! ಫೈಲು ನಿಮಗೆ ಕಳಿಸ್ಲಾ?”

“ಬೇಡ. ಅಳಿಸಿಬಿಡು.”

ಅವಳು ‘ಒಂಟಿ: 1’ ಎನ್ನುತ್ತಿದ್ದ ಪರದೆಯನ್ನು ಮುಚ್ಚಿ, ಚಾರ್ಜರ್‌ನ ವೈರನ್ನು ಸುತ್ತಿ ಲ್ಯಾಪ್‌ಟಾಪಿನ ಮೇಲಿಟ್ಟು, ಎರಡನ್ನೂ ನಾದಿನಿಯ ಕೈಗೆ ಕೊಟ್ಟಳು.