ಕೋಶ ವಿಭಜನೆಗೆ ಹೂಂ

"ಈಗ ವರ್ಣತಂತುಗಳು ನಡುವಿನ ಗೆರೆಗೆ ಬಂದು ಸಾಲಾಗಿ ನಿಲ್ಲುತ್ತವೆ," ಎಂದು ಲ್ಯಾಪ್‌ಟಾಪಿಗೆ ಹೇಳಿ ಶೈಲಜಾ ತಡೆದಳು. ಪರದೆಯ ಮೇಲೆ ಕೆಂಪು, ನೀಲಿ ಎಳೆಗಳು ಹೇಳಿದಂತೆಯೇ ಬಂದು ನಿಂತವು. ಅವಳ ದನಿ ಮಾತ್ರ ಬಸ್‌ಸ್ಟ್ಯಾಂಡಿನ ಪ್ರಕಟಣೆಯಂತಿತ್ತು. ರಾಮದುರ್ಗದ ಡಿಗ್ರಿ ಕಾಲೇಜಿನ ಅವಳ ಜೀವಶಾಸ್ತ್ರದ ವಿದ್ಯಾರ್ಥಿಗಳು ಈವರೆಗಿನ ವಿಡಿಯೊ ಪಾಠಗಳಲ್ಲಿ ಒಂದನ್ನೂ ಕೊನೆತನಕ ನೋಡಿರಲಿಲ್ಲ. ಇದನ್ನೂ ನೋಡದಿದ್ದರೆ ಮತ್ತೆ ನೋಟ್ಸ್ ಬರೆಸುವುದೇ ಸೈ ಎಂದುಕೊಂಡಿದ್ದಳು.

"ಯಾರ ಕೂಡ ಮಾತಾಡಾಕ ಹತ್ತೀಯವಾ?" ಅತ್ತೆ ಸಿದ್ದಲಿಂಗವ್ವ ಮೆಂತೆ ಪಲ್ಲೆಯ ಬುಟ್ಟಿ ಹಿಡಿದು ಬಂದರು.

"ಹುಡುಗೂರ ಕೂಡ್ರಿ. ನಾಳೆ ಕೇಳ್ತಾರ."

"ಹೂಂ ಅನ್ನವರು ಇಲ್ದ ಹೆಂಗ ಹೇಳ್ತಿ? ಹೇಳು, ನಾ ಕುಂದರತೇನಿ."

ತೊರಗಲ್ಲಿನ ತವರಿನಲ್ಲಿ ಶ್ರಾವಣದ ಪುರಾಣ ಕೇಳುತ್ತ ಬೆಳೆದವರು ಸಿದ್ದಲಿಂಗವ್ವ. ಪದ್ಯ ಓದಿ, ಅರ್ಥ ಹೇಳಿ, ಶಾಸ್ತ್ರಿಗಳು ಉಸಿರು ತೆಗೆದುಕೊಳ್ಳುವಲ್ಲಿ ಹೂಂ ಅನ್ನುವುದು ಅವರಿಗೆ ಕೈ ಮುಗಿದಷ್ಟೇ ಸಹಜ. ಶೈಲಜಾ ತಡೆದಲ್ಲೆಲ್ಲ ಹೂಂ ಬಂತು. ನೋಡನೋಡುತ್ತ ಅವಳ ದನಿ ಸಡಿಲಾಯಿತು, ಮಾತು ಮನೆಯದಾಯಿತು.

"ಆ ಕಡಿಂದ ಈ ಕಡಿಂದ ದಾರ ಎಳೀತಾವ್ರಿ."

"ಹೂಂ. ಹರಿಯೂದಿಲ್ಲ?"

"ಇಲ್ರಿ, ಜೋಡಿ ಬಿಡ್ತಾವ. ಒಂದೊಂದು ಒಂದೊಂದ ಕಡಿ."

"ಅಗಲಿದ್ವು ಪಾಪ. ಮುಂದ?"

"ಒಂದ ಮನಿ ಇದ್ದದ್ದು ಎರಡ ಮನಿ."

"ಹಿಸ್ಸೆ ಸಮಾ ಆತಿಲ್ಲೊ?"

"ಎಳಿ ಸೈತ ಹೆಚ್ಚುಕಡಿಮಿ ಇಲ್ರಿ."

"ಹಂಗಾದ್ರ ಜಗಳಿಲ್ಲ ಬಿಡು."

ವಿಡಿಯೊ ವಿದ್ಯಾರ್ಥಿಗಳ ಗ್ರೂಪಿಗೆ ಹೋದ ಮೇಲೆಯೇ ಶೈಲಜಾಗೆ ಹೊಳೆದದ್ದು, ಅತ್ತೆಯ ದನಿಯೂ ಅದರೊಳಗೆ ಹೋಗಿದೆ, ತನ್ನದಕ್ಕಿಂತ ಸ್ಪಷ್ಟವಾಗಿ. ಅಷ್ಟರಲ್ಲಿ ಎಲ್ಲರೂ ಇಳಿಸಿಕೊಂಡಾಗಿತ್ತು.

ಮರುದಿನ ತಲೆ ತಗ್ಗಿಸಿಯೇ ತರಗತಿಗೆ ಹೋದಳು. "ನಿನ್ನಿ ವಿಡಿಯೊದಾಗ ಸ್ವಲ್ಪ..."

"ಕಡೀತನಕ ನೋಡೇವ್ರಿ ಮೇಡಂ," ಎಂದಳು ಕಟಕೋಳದ ಭಾಗೀರಥಿ. "ನಮ್ಮ ಆಯಿನೂ ನೋಡಿದ್ಲು. ಹಿಸ್ಸೆ ಸಮಾ ಆತಂತ ಆಕಿಗೂ ಸಮಾಧಾನ."

ತರಗತಿ ನಕ್ಕಿತು. ಶೈಲಜಾ ನಗು ಮರೆಸಲು ಬೋರ್ಡಿನತ್ತ ತಿರುಗಿ ಅರ್ಧ ಕೋಶ ಬರೆದಳು. "ದಾರ ಎಳದ್ವು. ಮುಂದ?"

ಹಿಂದಿನ ಬೆಂಚಿನಿಂದ ಎದ್ದವನು ಭೀಮಶಿ. ವರ್ಷವಿಡೀ ಹಾಜರಿ ಹೇಳಲಷ್ಟೇ ಬಾಯಿ ತೆರೆದವನು. ಜೋಡಿ ಬಿಟ್ಟದ್ದು, ಎರಡು ತುದಿ ಸೇರಿದ್ದು, ನಡುವೆ ಗೋಡೆ ಎದ್ದದ್ದು, ಒಂದೊಂದಾಗಿ ಹೇಳಿದ. ತಡೆದಲ್ಲೆಲ್ಲ ಗೆಳೆಯರು ಹೂಂ ಎಂದರು. ಅವನು ತಡವರಿಸಲಿಲ್ಲ.

"ಮುಂದಿನ ಪಾಠದಾಗನೂ ಆ ಹೂಂ ಅನ್ನವ್ರು ಇರ್ತಾರಿಲ್ರಿ ಮೇಡಂ?" ಎಂದು ಕೇಳಿಯೇ ಕುಳಿತ.

ಸಂಜೆ ಶೈಲಜಾ ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಹಸಿರು ಎಲೆಯೊಂದು ದೊಡ್ಡದಾಗುತ್ತ ಬಂತು.

"ಬಿಸಿಲು ಎಲಿಯೊಳಗ ಇಳೀತೈತಿ," ಎಂದು ಹೇಳಿ ತಡೆದಳು.

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಂತಿತು.